ಪ್ಲೇಗ್ ಬಂತು, ಜೀತ ಹೋಯ್ತು, ಅಷ್ಟೇನಾ?

ಮಗಳ ಇತಿಹಾಸ ಪುಸ್ತಕದಲ್ಲಿ ಮಧ್ಯಯುಗದ ಯುರೋಪ್ ಅಂದರೆ ಒಂದು ಪಿರಮಿಡ್ಡು. ತುದಿಯಲ್ಲಿ ರಾಜ, ಆಮೇಲೆ ಜಮೀನ್ದಾರರು, ನೈಟ್‌ಗಳು, ತಳದಲ್ಲಿ ಮುಖವೂ ಕಾಣದಷ್ಟು ಚಿಕ್ಕದಾಗಿ ರೈತರು. ಎರಡು ಪುಟ ತಿರುವಿದರೆ ಪ್ಲೇಗ್ ಬರುತ್ತದೆ, ಜನ ಸಾಯುತ್ತಾರೆ, ಊಳಿಗಮಾನ್ಯ ಪದ್ಧತಿ ಬಿದ್ದುಹೋಗುತ್ತದೆ. ಮುಗೀತು ಪಾಠ. ಐದು ಮಾರ್ಕ್ಸಿನ ಪ್ರಶ್ನೆಗೆ ಇಷ್ಟು ಸಾಕು ಬಿಡಿ. ಆದರೆ ಹೀಗೆ ಕಲಿತ ಮಗು, ದೊಡ್ಡ ಅನಾಹುತ ಒಂದು ಆದರೆ ಸಮಾಜ ತಾನಾಗೇ ಬದಲಾಗುತ್ತೆ ಅಂದುಕೊಳ್ಳುತ್ತೆ. ನನ್ನ ತಕರಾರು ಇರೋದೇ ಅಲ್ಲಿ.

ಅದಕ್ಕೇ ಪಿರಮಿಡ್ ಮುಚ್ಚಿಟ್ಟು, ಇಂಗ್ಲೆಂಡಿನ ಹಳ್ಳಿಯೊಂದರ ಜೀತದ ರೈತನ ಮನೆಯಿಂದ ಶುರು ಮಾಡಿದೆ. ವಾರದಲ್ಲಿ ಎರಡು ಮೂರು ದಿನ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಮೆ, ಕೊಯ್ಲಿನಲ್ಲಿ ಇನ್ನೂ ಜಾಸ್ತಿ. ಊರು ಬಿಡಬೇಕಾದರೆ ಅವನ ಅಪ್ಪಣೆ ಬೇಕು. ಮಗಳ ಮದುವೆ ಮಾಡಿದರೆ ಅವನಿಗೆ ಕಾಣಿಕೆ. ಮನೆ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೇ ದನ ಧಣಿಗೆ. "ಸಾವಾದ ಮನೆಯಿಂದ ಹಸು ಹೊಡ್ಕೊಂಡು ಹೋಗ್ತಾರಾ?" ಅಂತ ನನ್ನ ಮಗಳು ಕೇಳಿದಳು. ಪಿರಮಿಡ್ ನೋಡಿ ಈ ಪ್ರಶ್ನೆ ಯಾವ ಮಗುವೂ ಕೇಳಲ್ಲ, ಅಲ್ವಾ?

1348ರಲ್ಲಿ ಪ್ಲೇಗ್ ಇಂಗ್ಲೆಂಡಿಗೆ ಬಂತು. ಕಡಿಮೆ ಅಂದರೂ ಮೂರರಲ್ಲಿ ಒಂದು ಪಾಲು ಜನ ಹೋದರು. ಆಳು ಸಿಗದ ಕಾಲ. ಉಳಿದವರು ಕೂಲಿ ಜಾಸ್ತಿ ಕೇಳಿದರು, ಕೊಡದಿದ್ದರೆ ಪಕ್ಕದ ಧಣಿಯ ಹತ್ತಿರ ಹೋದರು. ಪುಸ್ತಕ ಇಲ್ಲಿಗೇ ನಿಲ್ಲಿಸುತ್ತೆ. ಆದರೆ ಧಣಿಗಳೇನು ಸುಮ್ನೆ ಕೂತರಾ? 1351ರಲ್ಲಿ ಕಾನೂನು ತಂದರು: ಪ್ಲೇಗಿಗೆ ಮುಂಚೆ ಎಷ್ಟಿತ್ತೋ ಅಷ್ಟೇ ಕೂಲಿ. ಆಗಸ್ಟ್ ಮೊದಲ ವಾರದಲ್ಲಿ ಪೈರು ಕೊಯ್ದರೆ ದಿನಕ್ಕೆ 2 ಪೆನ್ಸ್, ಎರಡನೇ ವಾರ 3, ಊಟ ಕೇಳುವಂತಿಲ್ಲ. ಕೂಲಿಯವರು ಉಪಕರಣ ಕೈಯಲ್ಲಿ ಹಿಡಿದು ಪೇಟೆಯಲ್ಲಿ ಎಲ್ಲರೆದುರೇ ಕೆಲಸಕ್ಕೆ ಒಪ್ಪಿಕೊಳ್ಳಬೇಕು, ಗುಟ್ಟಾಗಿ ಜಾಸ್ತಿ ಕೊಟ್ಟು ಕರ್ಕೊಂಡು ಹೋಗೋ ಹಾಗಿಲ್ಲ!

ಮೇಲಿಂದ ತಲೆಗಂದಾಯ. ಮೂರನೇ ಸಲ ಹಾಕಿದಾಗ 15 ದಾಟಿದವರಿಗೆಲ್ಲ ತಲೆಗೆ 12 ಪೆನ್ಸ್ ಲೆಕ್ಕ. ಆ 2 ಪೆನ್ಸ್ ಕೂಲಿಯಲ್ಲಿ ಎಷ್ಟು ದಿನದ ಕೊಯ್ಲು, ನೀನೇ ಲೆಕ್ಕ ಹಾಕು ಅಂದೆ. ಆರು ದಿನ. 1381ರ ಜೂನ್‌ನಲ್ಲಿ ಕೆಂಟ್, ಎಸೆಕ್ಸ್ ಕಡೆಯ ಜನ ಎದ್ದು ಲಂಡನ್ನಿಗೆ ನುಗ್ಗಿದರು.

ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಲಂಡನ್ನಿನದಲ್ಲ, ಸೇಂಟ್ ಆಲ್ಬನ್ಸ್ ಅನ್ನೋ ಊರಿನ ಕಥೆ. ಆ ಊರು ಕ್ರೈಸ್ತ ಮಠವೊಂದರ ಹಿಡಿತದಲ್ಲಿತ್ತು. ಜನ ದುಡ್ಡು ಕೊಟ್ಟು ಮಠದ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕು. ಮನೆಯಲ್ಲಿ ಬೀಸಿಕೊಳ್ಳುವುದು ತಪ್ಪು. ದಂಗೆಗೆ ಸುಮಾರು 50 ವರ್ಷ ಮುಂಚೆ ಮಠಾಧೀಶ ಜನರ ಬೀಸುವ ಕಲ್ಲುಗಳನ್ನು ಕಿತ್ತುಕೊಂಡು, ಅವನ್ನೇ ಮಠದೊಳಗೆ ನೆಲಕ್ಕೆ ಹಾಸಿಸಿದ್ದ. 1381ರಲ್ಲಿ ಜನ ಒಳನುಗ್ಗಿ ಆ ನೆಲ ಕಿತ್ತರು, ಕಲ್ಲು ಒಡೆದು ಚೂರುಗಳನ್ನು ಚರ್ಚಿನ ಪ್ರಸಾದದ ಹಾಗೆ ಹಂಚಿಕೊಂಡರು. ಬರೆದಿಟ್ಟವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗ್‌ಹ್ಯಾಮ್. ದಂಗೆಯವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ದಂಗೆ ಸೋತಿತು. 14 ವರ್ಷದ ರಾಜ ಎರಡನೇ ರಿಚರ್ಡ್ ಜೀತ ಬಿಡಿಸುತ್ತೇನೆ ಅಂತ ಪತ್ರ ಕೊಟ್ಟ, ನಾಯಕ ವಾಟ್ ಟೈಲರ್ ಸತ್ತ ಮೇಲೆ ವಾಪಸ್ ತಗೊಂಡ. ಆದರೂ ಜನ ಊರು ಬಿಡುತ್ತಾ, ಕೂಲಿ ಜಗ್ಗುತ್ತಾ, ಬಿಟ್ಟಿ ದುಡಿಮೆಯ ಬದಲು ಹಣದ ಗೇಣಿ ಮಾಡಿಸಿಕೊಳ್ಳುತ್ತಾ ಹೋದರು. ಮುಂದಿನ ನೂರು ಚಿಲ್ಲರೆ ವರ್ಷದಲ್ಲಿ ಇಂಗ್ಲೆಂಡಿನ ಜೀತ ಹೆಚ್ಚುಕಮ್ಮಿ ಸವೆದುಹೋಯಿತು.

ಇನ್ನು ಭೂಪಟ ತೆಗೆದು ಜರ್ಮನಿಯಲ್ಲಿ ಹರಿಯುವ ಎಲ್ಬೆ ನದಿಯ ಪೂರ್ವಕ್ಕೆ ನೋಡಿ. ಪ್ಲೇಗಿನ ನಂತರದ ಶತಮಾನಗಳಲ್ಲಿ ಅಲ್ಲಿ ಜೀತ ಸಡಿಲವಾಗಲಿಲ್ಲ, ಬಿಗಿಯಾಯಿತು. ಪೋಲೆಂಡಿನಲ್ಲಿ 1496ರ ಕಾನೂನು ರೈತ ಊರು ಬಿಡುವುದಕ್ಕೇ ಕಡಿವಾಣ ಹಾಕಿತು. ರಷ್ಯಾದಲ್ಲಿ ಜೀತ ಹೋಗಿದ್ದು 1861ರಲ್ಲಿ. ಪೂರ್ವದಲ್ಲಿ ಪೇಟೆಗಳಿಗೆ ಬಲ ಇರಲಿಲ್ಲ, ಓಡಿಹೋದ ರೈತನಿಗೆ ಆಸರೆ ಕಡಿಮೆ. ಧಣಿಗಳ ಕೈ ಮೇಲಿತ್ತು. ಪಶ್ಚಿಮಕ್ಕೆ ಧಾನ್ಯ ಮಾರಿ ದುಡ್ಡು ಮಾಡಬಹುದಿತ್ತು, ಅದಕ್ಕೆ ಬಿಟ್ಟಿ ಆಳು ಬೇಕಿತ್ತು. ಪುಸ್ತಕದ ಪ್ಲೇಗ್ ಸೂತ್ರದಲ್ಲಿ ಈ ಅರ್ಧ ಯುರೋಪೇ ಇಲ್ಲ.