ಅರೆತಲೆನೋವಿನ ಮಾತ್ರೆ ಮತ್ತು ಕರುಳು
ಅರೆತಲೆನೋವಿನ ಔಷಧಗಳಿಂದ ಹೊಟ್ಟೆಗೆ ವಾಕರಿಕೆ, ಎದೆಯುರಿಗಿಂತ ಹೆಚ್ಚಿನ ತೊಂದರೆಯಿಲ್ಲ ಎಂದು ಆ ಔಷಧಗಳ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದು ಅರ್ಧಸತ್ಯ. ಸುಮಾಟ್ರಿಪ್ಟಾನ್‌ನಂತಹ ಟ್ರಿಪ್ಟಾನ್ ಗುಂಪಿನ ಮಾತ್ರೆಗಳು ತಲೆಯ ರಕ್ತನಾಳಗಳನ್ನು ಸಂಕುಚಿತಗೊಳಿಸುವಂತೆಯೇ, ತೀರಾ ಅಪರೂಪಕ್ಕೆ ಕರುಳಿನ ರಕ್ತನಾಳಗಳನ್ನೂ ಸಂಕುಚಿತಗೊಳಿಸಿ ದೊಡ್ಡಕರುಳಿಗೆ ರಕ್ತ ಸಾಲದಂತೆ ಮಾಡಬಲ್ಲವು ಎಂಬುದನ್ನೂ, ಆಗ ಹಠಾತ್ ಹೊಟ್ಟೆನೋವು ಮತ್ತು ರಕ್ತಮಿಶ್ರಿತ ಭೇದಿ ಕಾಣಿಸಿಕೊಳ್ಳುತ್ತವೆ ಎಂಬುದನ್ನೂ ಹೇಳಬೇಕಿತ್ತು.

ಬಸವನಗುಡಿಯಲ್ಲಿರುವ ನನ್ನ ಅಕ್ಕನಿಗೆ ಹೀಗೆಯೇ ಆದಾಗ, ಹಿಂದಿನ ಸಂಜೆ ತಿಂದಿದ್ದ ಪಾನಿಪೂರಿಯನ್ನೇ ನಾವೆಲ್ಲರೂ ದೂರಿದೆವು (ಪಾಪದ ಪಾನಿಪೂರಿ!), ಆ ದಿನ ಏನೇನು ಮಾತ್ರೆ ತೆಗೆದುಕೊಂಡಿರಿ ಎಂದು ಕೇಳಿದವರು ರಾತ್ರಿ ಪಾಳಿಯ ವೈದ್ಯೆಯೊಬ್ಬರೇ. ಮೆಡಿಕಲ್ ಸ್ಟೋರಿನವರು ಸ್ಟ್ರಿಪ್‌ನಿಂದ ಎರಡೇ ಮಾತ್ರೆಗಳನ್ನು ಕತ್ತರಿಸಿ, ಹೆಸರೂ ಕಾಣದ ಆ ತುಂಡನ್ನು ಕಾಗದದ ಕವರಿನಲ್ಲಿ ಹಾಕಿ ಕೊಟ್ಟಿದ್ದರು; ಎಚ್ಚರಿಕೆಯ ಚೀಟಿ ಅಂಗಡಿಯ ಡಬ್ಬಿಯಲ್ಲೇ ಉಳಿದಿತ್ತು.

ಲೇಖನವು ಹೊಗಳಿರುವ, ಅರೆತಲೆನೋವು ಬರದಂತೆ ತಡೆಯಲು ಕೊಡುವ ಎರೆನುಮ್ಯಾಬ್ ಚುಚ್ಚುಮದ್ದಿನ ವಿಷಯದಲ್ಲೂ ಒಂದು ಮಾತು ಬಿಟ್ಟುಹೋಗಿದೆ. ಅದರಿಂದ ಉಂಟಾಗುವ ಮಲಬದ್ಧತೆ ಕೆಲವರಲ್ಲಿ ಆಸ್ಪತ್ರೆಗೆ ದಾಖಲಾಗಬೇಕಾದಷ್ಟು, ಅಪರೂಪವಾಗಿ ಶಸ್ತ್ರಚಿಕಿತ್ಸೆ ಬೇಕಾಗುವಷ್ಟು ತೀವ್ರವಾಗಿದ್ದರಿಂದ, ಅಮೆರಿಕದಲ್ಲಿ 2019ರಲ್ಲಿ ಔಷಧದ ವಿವರಪತ್ರಕ್ಕೆ ಆ ಎಚ್ಚರಿಕೆಯನ್ನು ಸೇರಿಸಲಾಯಿತು.