ಮುಚ್ಚಿಟ್ಟ ಇತಿಹಾಸ, ಮೂರು ಹೊತ್ತೂ ಪ್ರಸಾರ

"ನಿಮ್ಮಿಂದ ಮುಚ್ಚಿಟ್ಟ ಇತಿಹಾಸ!" ಅಂತ ಕೆಂಪು ಅಕ್ಷರದ ವಿಡಿಯೊ ಬಂದರೆ ಒಳಗೇನಿದೆ ಅಂತ ನೋಡದೆಯೇ ಹೇಳಬಹುದು. ಎಮು ಯುದ್ಧ, ಅಂದರೆ ಆಸ್ಟ್ರೇಲಿಯಾದಲ್ಲಿ ಎಮು ಅನ್ನೋ ಹಾರಲಾರದ ದೊಡ್ಡ ಹಕ್ಕಿಗಳ ಮೇಲೆ ಸೇನೆ ಹೊರಟ ಕಥೆ. ಅದಲ್ಲದಿದ್ದರೆ 1518ರಲ್ಲಿ ಸ್ಟ್ರಾಸ್‌ಬರ್ಗ್‌ನ ಜನಕ್ಕೆ ಹಿಡಿದ ಕುಣಿತದ ಹುಚ್ಚು. ಅದೂ ಅಲ್ಲದಿದ್ದರೆ 1919ರಲ್ಲಿ ಬಾಸ್ಟನ್ ಬೀದಿಗೆ ನುಗ್ಗಿದ ಕಾಕಂಬಿ ಪ್ರವಾಹ. ಯಾರಿಗೂ ಗೊತ್ತಿಲ್ಲದ ಈ ಕಥೆಗಳು ಗೊತ್ತಿಲ್ಲದವರು ಇನ್ನೂ ಯಾರಾದರೂ ಉಳಿದಿದ್ದಾರಾ ಅನ್ನೋದೇ ಈಗಿನ ದೊಡ್ಡ ರಹಸ್ಯ.

ಎಮು ಕಥೆ ಮಜವಾಗಿದೆ, ಅದರಲ್ಲಿ ಎರಡು ಮಾತಿಲ್ಲ. 1932ರ ನವೆಂಬರ್. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಕಡೆಯ ಗೋಧಿ ಹೊಲಗಳಿಗೆ ಸುಮಾರು 20,000 ಎಮುಗಳು ನುಗ್ಗಿದ್ದವು. ಮೇಜರ್ ಮೆರೆಡಿತ್ ಎರಡು ಲೂಯಿಸ್ ಮೆಷಿನ್ ಗನ್, 10,000 ಗುಂಡು ಹಿಡಿದು ಬಂದರು. ಒಂದು ಕಟ್ಟೆಯ ಹತ್ತಿರ ಸಾವಿರ ಹಕ್ಕಿಗಳಿಗೆ ಹೊಂಚು ಹಾಕಿದರು. ಹನ್ನೆರಡು ಬೀಳುವಷ್ಟರಲ್ಲಿ ಗನ್ನು ಕಚ್ಚಿಕೊಂಡಿತು, ಮಿಕ್ಕವು ದಿಕ್ಕಾಪಾಲು. ಆಮೇಲೆ ಗನ್ನನ್ನು ಲಾರಿ ಮೇಲೆ ಕಟ್ಟಿ ಅಟ್ಟಿಸಿಕೊಂಡು ಹೋದರು. ಲಾರಿ ಕುಲುಕಿದ ರಭಸಕ್ಕೆ ಗುರಿ ಇಡೋದಿರಲಿ, ಕೂತಲ್ಲಿ ಕೂರೋದೇ ಕಷ್ಟವಾಯಿತು. ಕೊನೆಗೆ ಮೇಜರ್ ಒಪ್ಪಿಸಿದ ಲೆಕ್ಕ: 986 ಹಕ್ಕಿ, 9,860 ಗುಂಡು. ತಲೆಗೆ ಸರಿಯಾಗಿ ಹತ್ತು! ಒಂದು ಗುಂಡು ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಲೆಕ್ಕ ಬರೆದ ಪುಣ್ಯಾತ್ಮನಿಗೆ ಪದಕ ಕೊಡಬೇಕಿತ್ತು.

ಇದನ್ನು ಮುಚ್ಚಿಟ್ಟಿದ್ದರಂತೆ! ಸೈನಿಕರ ಜೊತೆಗೆ ಫಾಕ್ಸ್ ಮೂವಿಟೋನ್ ಅನ್ನೋ ಸುದ್ದಿಚಿತ್ರ ಕಂಪನಿಯ ಕ್ಯಾಮೆರಾದವನನ್ನೂ ಕರೆದುಕೊಂಡು ಹೋಗಿದ್ದರು. ಪದಕ ಕೊಡೋದಾದರೆ ಎಮುಗಳಿಗೇ ಕೊಡಿ ಅಂತ ಸಂಸತ್ತಿನಲ್ಲೇ ತಮಾಷೆ ನಡೆದಿತ್ತು. ಕ್ಯಾಮೆರಾ ಕರೆಸಿ, ಸಂಸತ್ತಿನಲ್ಲಿ ನಗಾಡಿ ಮುಚ್ಚಿಡೋದು ಯಾವ ಸೀಮೆಯ ಗುಟ್ಟು ಸ್ವಾಮಿ?

ವಿಡಿಯೊ ಮಾತ್ರ "ಕೊನೆಗೆ ಎಮುಗಳೇ ಗೆದ್ದವು! ಗಂಟೆ ಗುರುತು ಒತ್ತಿ" ಅಂತ ಮುಗಿಯುತ್ತದೆ. ನಿಜಕ್ಕೂ ಯಾರೂ ಹೇಳದ ಭಾಗ ಶುರುವಾಗೋದೇ ಅಲ್ಲಿಂದ. ಆ ರೈತರಲ್ಲಿ ಬಹಳ ಮಂದಿ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಸರ್ಕಾರ ಜಮೀನು ಕೊಟ್ಟು, ಗೋಧಿ ಬೆಳೆಯಿರಿ, ಸಹಾಯಧನ ಕೊಡುತ್ತೇವೆ ಅಂದಿತ್ತು. ಆರ್ಥಿಕ ಕುಸಿತಕ್ಕೆ ಗೋಧಿ ಬೆಲೆ ನೆಲ ಕಚ್ಚಿತು, ಸಹಾಯಧನ ಬರಲೇ ಇಲ್ಲ. ಎಮುಗಳು ಬಂದವು. ಇನ್ನು "ಗೆದ್ದ" ಎಮುಗಳ ಗತಿ? ಸೇನೆ ವಾಪಸ್ ಹೋದ ಮೇಲೆ ಕೊಂದ ಎಮುವಿನ ತಲೆಗಿಷ್ಟು ಅಂತ ಇನಾಮು ಕೊಡುವ ಪದ್ಧತಿಯೇ ಗಟ್ಟಿಯಾಯಿತು. 1934ರಲ್ಲಿ ಆರೇ ತಿಂಗಳಲ್ಲಿ 57,034 ಹಕ್ಕಿಗಳಿಗೆ ಇನಾಮು ಪಡೆದರು. ಮೆಷಿನ್ ಗನ್ ಇಲ್ಲ, ಮೇಜರ್ ಇಲ್ಲ, ಕ್ಯಾಮೆರಾ ಮೊದಲೇ ಇಲ್ಲ.

ಇದಕ್ಕೆ ವಿಡಿಯೊ ಮಾಡುವವರು ಸಿಗೋದು ಕಷ್ಟ. ಬಾಣದ ಗುರುತು ಹಾಕಿ ತೋರಿಸೋಕೆ ಏನಿದೆ ಹೇಳಿ, ಸಾಲ ಮತ್ತು ರಸೀದಿ ಬಿಟ್ಟರೆ? ಹಾಗಾಗಿ ಮುಂದಿನ ವಾರ, ಮೊದಲೇ ಸತ್ತಿದ್ದ ಪೋಪ್ ಫಾರ್ಮೋಸಸ್‌ನ ಹೆಣವನ್ನು 897ರಲ್ಲಿ ರೋಮ್‌ನಲ್ಲಿ ಎಬ್ಬಿಸಿ ಕೂರಿಸಿ ವಿಚಾರಣೆ ನಡೆಸಿದ ಕಥೆ. ಇದುವರೆಗೆ ಯಾರೂ ಹೇಳಿಲ್ಲ. ಹೋದ ವಾರವೂ ಯಾರೂ ಹೇಳಿರಲಿಲ್ಲ.