ಆರೇಳು ವರ್ಷದ ಮಕ್ಕಳಿಗೆ ಆದಿಮಾನವರ ಪರಿಚಯ ಬೇಕೆ?

ಪರ

ಪುಣೆಯಲ್ಲಿ ನಾವು ಭಾನುವಾರ ನಡೆಸುವ ಕನ್ನಡ ತರಗತಿಗೆ ಬರುವ ಮಕ್ಕಳಲ್ಲಿ ಯಾದಗಿರಿ ಜಿಲ್ಲೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳವರೂ ಇದ್ದಾರೆ. ಅದೇ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧ ನಡೆಸಿ, ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡಿಕೊಳ್ಳುತ್ತಿದ್ದ ನೆಲೆಯನ್ನು ಇಸಾಂಪುರದಲ್ಲಿ ಅಗೆದು ತೆಗೆದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂಬ ಅಂದಾಜಿದೆ. ತನ್ನ ಊರೆಂದರೆ ಮಳೆ ಕೈಕೊಟ್ಟು ಬಿಟ್ಟುಬರಬೇಕಾದ ಊರು ಎಂದಷ್ಟೇ ಕೇಳಿ ಬೆಳೆದ ಮಗುವಿಗೆ, ಮನುಷ್ಯರ ಕೈಕಸುಬಿನ ಅಷ್ಟು ಹಳೆಯ ಗುರುತು ಅಲ್ಲೇ ಇದೆಯೆಂದು ಹೇಳದೆ ಉಳಿಯುವುದು ನನಗೆ ಅನ್ಯಾಯವೆನಿಸುತ್ತದೆ.

ಇಂಥದ್ದು ಅವರಿಗೆ ಅರ್ಥವಾಗದೆಂಬ ಮಾತನ್ನು ಒಪ್ಪಲಾರೆ. ಟಾಂಜಾನಿಯದ ಲೇಟೋಲಿಯಲ್ಲಿ ಸುಮಾರು 36 ಲಕ್ಷ ವರ್ಷಗಳ ಹಿಂದೆ ಎರಡು ಕಾಲಿನ ಮೇಲೆ ನಡೆದುಹೋದವರ ಹೆಜ್ಜೆಗಳು ಜ್ವಾಲಾಮುಖಿಯ ಒದ್ದೆ ಬೂದಿಯಲ್ಲಿ ಮೂಡಿ, ಗಟ್ಟಿಯಾಗಿ ಉಳಿದವು. ಹಸಿ ಸಿಮೆಂಟಿನ ಮೇಲೆ ಕಾಲಿಟ್ಟು ಅಪ್ಪನಿಂದ ಬೈಸಿಕೊಂಡ ಮಗುವಿಗೆ ಇದನ್ನು ವಿವರಿಸಲು ಬೇರೆ ಪಾಠೋಪಕರಣ ಬೇಕಿಲ್ಲ. ಮುಂದೆ ಶಾಲೆಯಲ್ಲಿ ಕಲಿಯುತ್ತಾರೆಂದು ಕಾಯುವಂತೆಯೂ ಇಲ್ಲ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ 2023ರ ವೇಳೆಗೆ ಜೀವವಿಕಾಸದ ಭಾಗವನ್ನೇ ಕೈಬಿಡಲಾಯಿತು.

ವಿರೋಧ

ಹೆಜ್ಜೆಗುರುತು ಮಗುವಿಗೆ ಅರ್ಥವಾಗುತ್ತದೆ, ನಿಜ. 36 ಲಕ್ಷ ವರ್ಷ ಅರ್ಥವಾಗುವುದಿಲ್ಲ. ನನ್ನ ಆರು ವರ್ಷದ ಮಗಳಿಗೆ ಹೋದ ವರ್ಷದ ಗಣಪತಿ ಹಬ್ಬ, ಶಿವಾಜಿ ಮಹಾರಾಜರು, ಡೈನೋಸಾರ್ ಎಲ್ಲವೂ "ಆವಾಗ" ಎಂಬ ಒಂದೇ ಕಾಲಕ್ಕೆ ಸೇರಿದವು. ಕಾಲದ ಅಳತೆ ಬಿಟ್ಟುಹೋದರೆ ವಿಕಾಸದಲ್ಲಿ ಉಳಿಯುವುದು "ಮಂಗ ಮನುಷ್ಯನಾದ" ಎಂಬ ಮಾಯೆ ಮಾತ್ರ, ಮತ್ತು ಅದು ಶುದ್ಧ ತಪ್ಪು: ಸುಮಾರು 60-70 ಲಕ್ಷ ವರ್ಷಗಳ ಹಿಂದೆ ನಮಗೂ ಚಿಂಪಾಂಜಿಗಳಿಗೂ ಒಂದೇ ಪೂರ್ವಜರಿದ್ದರು, ಇಂದಿನ ಮಂಗ ಯಾರ ಅಜ್ಜನೂ ಅಲ್ಲ. 1982ರಲ್ಲಿ ನರ್ಮದೆಯ ದಡದ ಹಾಥನೋರಾದಲ್ಲಿ ಸಿಕ್ಕ ಆದಿಮಾನವರ ತಲೆಬುರುಡೆ ಯಾವ ಪ್ರಭೇದದ್ದೆಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲದಿರುವಾಗ, ಎಲ್ಲಕ್ಕೂ ಹೌದು ಅಥವಾ ಅಲ್ಲ ಎಂಬ ಉತ್ತರ ಬಯಸುವ ವಯಸ್ಸಿನವರಿಗೆ ಏನು ಹೇಳುವುದು?

ನನ್ನನ್ನು ಹೆಚ್ಚು ಕಾಡಿದ್ದು ಮನುಷ್ಯನ ವಿಕಾಸವೆಂದು ತೋರಿಸುವ ಸಾಲುಚಿತ್ರ: ಬಾಗಿ ನಡೆಯುವ ಕಪ್ಪು ಮೈಯಿಂದ ಆರಂಭವಾಗಿ ನೆಟ್ಟಗೆ ನಿಂತ ಬಿಳಿಯ ಗಂಡಸಿನಲ್ಲಿ ಮುಗಿಯುವಂಥದ್ದು. ಅದನ್ನು ಕಂಡ ಮರುದಿನವೇ ನಮ್ಮ ಸೊಸೈಟಿಯ ಅಂಗಳದಲ್ಲಿ ಎಲ್ಲರಿಗಿಂತ ಕಪ್ಪಗಿದ್ದ ಹುಡುಗನಿಗೆ ಮಕ್ಕಳು ಹೊಸ ಹೆಸರಿಟ್ಟರು; ಅವನು ಎರಡು ದಿನ ಆಟಕ್ಕೆ ಕೆಳಗಿಳಿಯಲಿಲ್ಲ. ಈ ವಯಸ್ಸಿನಲ್ಲಿ ಮಕ್ಕಳು ಕಲ್ಲು, ಎಲುಬು, ಬೀಜಗಳನ್ನು ಮುಟ್ಟಿ ನೋಡಲಿ. ಪೂರ್ವಜರ ವಿಷಯ ಒಂಬತ್ತು-ಹತ್ತರ ವಯಸ್ಸಿನಲ್ಲಿ, ನೂರು ವರ್ಷವೆಂದರೆ ಎಷ್ಟೆಂದು ತಿಳಿದ ಮೇಲೆ, ಆ ಚಿತ್ರವಿಲ್ಲದೆ ಬರಲಿ.